ನಿಮ್ಮ ಅಲಗಿನ ಮೇಲೆ ನಿಮ್ಮ ಗುರುತಿರಲಿ

ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯ ಕುಲುಮೆ ಕೆಲಸದ ಹಿರಿಯರಿಗೆ, ಅಣ್ಣತಮ್ಮಂದಿರಿಗೆ, ಗಂಡಸರ ಸರಿಸಮಕ್ಕೆ ನಿಂತು ಚಮಟಿಗಿ ಎತ್ತುವ ಅವ್ವಂದಿರಿಗೆ, ಅಕ್ಕತಂಗಿಯರಿಗೆ ಶರಣು.

ನಾನು ರಾಯಚೂರಿನಲ್ಲಿ ಖಾನಾವಳಿ ನಡೆಸುವ ಹೆಂಗಸು. ಉಳ್ಳಾಗಡ್ಡಿ ಚೀಲ ಬಿಚ್ಚುವುದರಿಂದ ನನ್ನ ದಿನ ಶುರುವಾಗುತ್ತದೆ. ನಿಮ್ಮಲ್ಲಿ ಒಬ್ಬರು ನನಗೊಂದು ಚಾಕು ಮಾಡಿಕೊಟ್ಟಿದ್ದಾರೆ. ಅದರ ಗುಣವನ್ನು ಅವರೊಬ್ಬರಿಗೆ ಹೇಳಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಆ ಚಾಕುವಿನಲ್ಲಿ ಇರುವ ವಿದ್ಯೆ ನಿಮ್ಮೆಲ್ಲರದು. ಅದೂ ಅಲ್ಲದೆ ನಿಮ್ಮೆಲ್ಲರ ಮುಂದೆ ಇಡಬೇಕಾದ ಬೇಡಿಕೆಯೊಂದು ನನ್ನಲ್ಲಿದೆ.

ನಾನು ಎಡಗೈಯವಳು. ಉಣ್ಣುವುದಕ್ಕೆ, ಕೊಡುವುದಕ್ಕೆ ಮನೆಯವರು ಬಲಗೈ ರೂಢಿ ಮಾಡಿಸಿದರು. ಹೆಚ್ಚುವುದಕ್ಕೆ ಕೂತರೆ ಎಡಗೈಯೇ ಮುಂದೆ ಬರುತ್ತದೆ. ಪೇಟೆಯಲ್ಲಿ ಸಿಗುವ ಎಷ್ಟೋ ಚಾಕುಗಳಿಗೆ ಒಂದೇ ಮಗ್ಗುಲಿಗೆ ಸಾಣೆ ಹಿಡಿದಿರುತ್ತಾರೆ, ಅದೂ ಬಲಗೈಗೆ ಹೊಂದುವ ಹಾಗೆ. ಅಂಥದ್ದನ್ನು ಎಡಗೈಯಲ್ಲಿ ಹಿಡಿದರೆ ಬಾಯಿ ಓರೆಯಾಗಿ ಜಾರುತ್ತದೆ, ಹೋಳು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಬುಟ್ಟಿ ಬದನೆಕಾಯಿ ಹೆಚ್ಚಿ ಮುಗಿಸುವಷ್ಟರಲ್ಲಿ ಮಣಿಕಟ್ಟು ಜಗ್ಗತೊಡಗುತ್ತದೆ. ಹೀಗೇ ವರ್ಷಗಟ್ಟಲೆ ನಡೆಸಿದ ಮೇಲೆ ನಮ್ಮ ತವರಿನ ಕಡೆ, ದೇವದುರ್ಗದ ಒಂದು ಕುಲುಮೆಗೆ ಹೋಗಿ ಚಾಕು ಬೇಕೆಂದು ಕೇಳಿದೆ.

“ಯಾವ ಕೈಲೆ ಹೆಚ್ಚತಿ ಯವ್ವಾ?” ಕುಲುಮೆಯ ಕಾಕಾ ಕೇಳಿದ ಮೊದಲ ಮಾತು ಇದು. ಚಾಕು ಎಷ್ಟುದ್ದ, ಎಷ್ಟಗಲ ಎಂದು ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ಆಮೇಲಿನ ಪ್ರಶ್ನೆ: “ಕುಂತು ಹೆಚ್ಚತಿಯೊ, ನಿಂತೊ?” ನಿಂತು ಹೆಚ್ಚುವವರ ಕೈ ಮಣೆಯ ಮೇಲಿನಿಂದ ಇಳಿಯುತ್ತದೆ, ಕೂತವರದು ಪಕ್ಕದಿಂದ ಬರುತ್ತದೆ. ಅದಕ್ಕೆ ತಕ್ಕಂತೆ ಹಿಡಿಕೆಯ ಓರೆ ಬೇರೆಯಾಗಬೇಕು. ನನ್ನ ಕೈಯನ್ನು ಮುಂದೆ ಚಾಚಿಸಿ, ಜೋಳದ ದಂಟಿನ ಚೂರೊಂದನ್ನು ಅಂಗೈಗೆ ಅಡ್ಡ ಇಟ್ಟು, ಉಗುರಿನಿಂದ ಗೀರಿ ಅಳತೆ ತಗೊಂಡರು. ಖಾನಾವಳಿ ನಡೆಸಿದಷ್ಟು ಕಾಲದಲ್ಲಿ ನನ್ನ ಕೈಯನ್ನು ಯಾರಾದರೂ ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು.

ಲಾರಿಯ ಹಳೆಯ ಕಮಾನು ಪಾಟಾದ ತುಂಡೊಂದನ್ನು ಎತ್ತಿಕೊಂಡು, ಅದರ ತುದಿಯನ್ನು ಸಾಣೆ ಗಾಲಿಗೆ ತಾಗಿಸಿ ಕಿಡಿ ನೋಡಿದರು. ಮೆತ್ತನೆಯ ಕಬ್ಬಿಣದ ಕಿಡಿ ಉದ್ದ ಗೆರೆಯಾಗಿ ಹಾರಿ ಆರುತ್ತದೆ. ಇಂಗಾಲ ಇರುವ ಉಕ್ಕಿನ ಕಿಡಿ ತುದಿಯಲ್ಲಿ ಒಡೆದು ಕವಲಾಗುತ್ತದೆ. ಕಮಾನು ಪಾಟಾದಲ್ಲಿ ನೂರಕ್ಕೆ ಅರ್ಧ ಭಾಗಕ್ಕಿಂತ ತುಸು ಹೆಚ್ಚು ಇಂಗಾಲ ಇರುತ್ತದೆಂದು ನಾನು ಆಮೇಲೆ ಓದಿ ತಿಳಿದೆ. ಕಾಕಾ ಅದನ್ನು ಕಿಡಿಯಲ್ಲೇ ಓದಿದ್ದರು.

ಒಲೆಗೆ ಬಳ್ಳಾರಿ ಜಾಲಿಯ ಇದ್ದಲಿ. ತಿದಿ ಮೂಲೆ ಸೇರಿ, ಅದರ ಜಾಗಕ್ಕೆ ಕೈಯಲ್ಲಿ ತಿರುಗಿಸುವ ಪಂಖ ಬಂದಿದೆ. ಕಾಸಿದ ಪಾಟಾ ಅಡಿಗಲ್ಲಿನ ಮೇಲೆ ಬಂದ ಕೂಡಲೇ ಕಾಕಾ ಅವರ ಹೆಂಡತಿ ಚಿಗವ್ವ ಸೆರಗು ಬಿಗಿದು ಚಮಟಿಗಿ ಎತ್ತಿದರು. ಕಾಕಾ ಸಣ್ಣ ಸುತ್ತಿಗೆಯಿಂದ ಎಲ್ಲಿ ಮುಟ್ಟುತ್ತಾರೋ ಚಮಟಿಗಿ ಅಲ್ಲೇ ಬೀಳಬೇಕು. ಸುತ್ತಿಗೆ ಬರಿ ಅಡಿಗಲ್ಲಿನ ಮೇಲೆ ಟಣ್ ಎಂದರೆ ನಿಲ್ಲಿಸು ಎಂದರ್ಥ. ಇಬ್ಬರ ನಡುವೆ ಒಂದು ಮಾತಿಲ್ಲ. ಹಿಡಿಕೆಯ ಹತ್ತಿರ ದಪ್ಪವಿದ್ದ ಅಲಗು ಮೊನೆಯ ಕಡೆಗೆ ಹೋಗುತ್ತ ತೆಳುವಾಯಿತು, ಬೆನ್ನಿನಿಂದ ಬಾಯಿಗೂ ಹಾಗೆಯೇ ಇಳಿಯಿತು. ತಗಡು ಕತ್ತರಿಸಿ ಮಾಡಿದ ಚಾಕು ಬುಡದಿಂದ ತುದಿಯವರೆಗೆ ಒಂದೇ ದಪ್ಪ ಇರುತ್ತದೆ, ಅದಕ್ಕೇ ಹಿಡಿದರೆ ಮೊನೆ ಭಾರವೆನಿಸುತ್ತದೆ. ನನ್ನ ಚಾಕುವನ್ನು ಹಿಡಿಕೆ ಮುಗಿಯುವಲ್ಲಿ ಒಂದೇ ಬೆರಳಿನ ಮೇಲೆ ಇಟ್ಟರೆ ಅತ್ತಿತ್ತ ವಾಲದೆ ನಿಲ್ಲುತ್ತದೆ. ಸಂಜೆ ಮಣಿಕಟ್ಟು ನೋಯದಿರುವುದಕ್ಕೆ ಈ ತೂಕವೇ ಕಾರಣ.

ಹದ ಹಾಕುವುದನ್ನು ನೋಡಲು ನಾನು ಹಟ ಮಾಡಿ ನಿಂತೆ. ಮೊದಲು ಬಾಗಿಲ ಪರದೆ ಇಳಿಬಿಟ್ಟು ಒಳಗೆ ಕತ್ತಲೆ ಮಾಡಿದರು. ಬಿಸಿಲಿನಲ್ಲಿ ಕೆಂಡದ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಅಲಗು ಕೆಂಪಾಗುತ್ತ ಬಂದಾಗ ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ತಂತಿಗೆ ಕಟ್ಟಿ ಹತ್ತಿರ ಹಿಡಿದರು. ಕಚ್ಚಿತು. ಮತ್ತೆ ಕಾಸಿ ಹಿಡಿದಾಗ ಕಚ್ಚಲಿಲ್ಲ. ಸುಮಾರು 770 ಡಿಗ್ರಿ ದಾಟಿದ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನೂ ಸ್ವಲ್ಪ ಕಾಸಿ, ಅಲಗನ್ನು ನೆಟ್ಟಗೆ ಎಣ್ಣೆಯೊಳಗೆ ಇಳಿಸಿದರು. ಓರೆಯಾಗಿ ಇಳಿದರೆ ಒಂದು ಮಗ್ಗುಲು ಮೊದಲು ತಣಿದು ಅಲಗು ಸೊಟ್ಟಾಗುತ್ತದಂತೆ. ಹೊರತೆಗೆದ ಮೇಲೆ ಅರ ಹಾಕಿ ತೋರಿಸಿದರು. ಅರ ಕಚ್ಚದೆ ಜಾರಿತು.

ಇಲ್ಲಿಗೆ ಕೆಲಸ ಮುಗಿಯಿತೆಂದು ಯಾರಾದರೂ ತಿಳಿದಾರು. ಆ ಕ್ಷಣದಲ್ಲಿ ಅಲಗು ಎಷ್ಟು ಗಡಸೋ ಅಷ್ಟೇ ಪೆಡಸು, ಕಲ್ಲಿನ ಮೇಲೆ ಬಿದ್ದರೆ ಮುರಿದೇ ಹೋಗುತ್ತದೆ. ಕಾಕಾ ಅದನ್ನು ಉಜ್ಜಿ ಹೊಳಪು ಬರಿಸಿ, ಕಾಯಿಸಿದ ದಪ್ಪ ಕಬ್ಬಿಣದ ಗಟ್ಟಿಯ ಮೇಲೆ ಬೆನ್ನು ಕೆಳಗಾಗಿ ಇಟ್ಟರು. ಹೊಳಪಿನ ಮೇಲೆ ಬಣ್ಣ ಹರಿಯತೊಡಗಿತು. ಬೆನ್ನಿನ ಹತ್ತಿರ ಮೊದಲು ಒಣ ಹುಲ್ಲಿನ ಹಳದಿ, ಅದರ ಹಿಂದೆ ಕಂದು, ಅದರ ಹಿಂದೆ ನೇರಳೆ, ಕೊನೆಗೆ ನೀಲಿ. ಒಂದನ್ನೊಂದು ತಳ್ಳಿಕೊಂಡು ಬಾಯಿಯ ಕಡೆ ಇಳಿದವು. ಬಾಯಿಗೆ ಹಳದಿ ಬಂದು ಮುಟ್ಟಿದ ಗಳಿಗೆಯಲ್ಲಿ ಎತ್ತಿ ನೀರಿಗೆ ಅದ್ದಿದರು. ಹಳದಿ ಎಂದರೆ 220 ಡಿಗ್ರಿಯ ಆಸುಪಾಸು, ನೀಲಿ ಎಂದರೆ 300ರ ಹತ್ತಿರ. “ಬಾಯಿಗೆ ಬಿಗಿ ಇರಬೇಕು, ಬೆನ್ನಿಗೆ ತಾಳಿಕಿ ಇರಬೇಕು” ಎಂದರು ಕಾಕಾ. ಒಂದೇ ತುಂಡು ಉಕ್ಕಿನಲ್ಲಿ ಎರಡು ಸ್ವಭಾವ! ಕಾರ್ಖಾನೆಗಳು ಗಡಿಯಾರ ಹಚ್ಚಿದ ಭಟ್ಟಿಗಳಲ್ಲಿ ಮಾಡುವ ಕೆಲಸವನ್ನು ಅವರು ಕಣ್ಣಳತೆಯಲ್ಲಿ ಮಾಡಿದರು. ತಡವಾದರೆ ಬಾಯಿ ಮೆತ್ತಗಾಗುತ್ತದೆ, ಅವಸರವಾದರೆ ಚಕ್ಕೆ ಏಳುತ್ತದೆ. ಸರಿಯಾದ ಗಳಿಗೆ ಬಂದು ಹೋಗುವುದು ಉಸಿರು ಎಳೆದು ಬಿಡುವಷ್ಟರಲ್ಲಿ.

ಹಿಡಿಕೆಗೆ ಕರಿಜಾಲಿಯ ಒಳಗಿನ ಕೆಂಪು ಮರ, ಹಿತ್ತಾಳೆ ಮೊಳೆ, ಕುಸುಬಿ ಎಣ್ಣೆಯ ಲೇಪ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಮರಕ್ಕೆ ಪದರವಾಗಿ ಕೂರುತ್ತದೆ, ನೀರಿನ ಕೈ ತಾಗಿದರೂ ಮರ ಉಬ್ಬುವುದಿಲ್ಲ. ಸಾಣೆಯನ್ನು ಎಡ ಮಗ್ಗುಲಿಗೆ ಹಿಡಿದರು. ಈಗ ಉಳ್ಳಾಗಡ್ಡಿಯ ಹೋಳು ನನ್ನ ಎಡಕ್ಕೆ ಬೀಳುತ್ತದೆ, ಬೆಳಕು ಹಾಯುವಷ್ಟು ತೆಳುವಾಗಿ.

ಈ ಒಂದು ಚಾಕುವಿನ ಪುರಾಣ ಇಷ್ಟು ಉದ್ದ ಬರೆದದ್ದಕ್ಕೆ ಕಾರಣವಿದೆ. ಒಬ್ಬೊಬ್ಬರ ಕೈ ನೋಡಿ ಮಾಡುವುದು ನಿಮಗೆ ಹೊಸದಲ್ಲ. ಆಯಗಾರಿಕೆ ನಡೆಯುತ್ತಿದ್ದ ಕಾಲದಲ್ಲಿ ಊರಿನ ಕಮ್ಮಾರನಿಗೆ ಊರಿನ ಎಲ್ಲರ ಕೈಯೂ ಗೊತ್ತಿರುತ್ತಿತ್ತು. ಕುಡುಗೋಲಿಗೆ ಕಕ್ಕು ಹಾಕುವುದು ಒಂದೇ ಮಗ್ಗುಲಿಗೆ. ಎಡಗೈಯವರಿದ್ದರೆ ಅವರದನ್ನು ತಿರುವಿ ಹಾಕಿಕೊಡುತ್ತಿದ್ದರು. ಹೆಣ್ಣುಮಕ್ಕಳು ಕಳೆ ಕೀಳುವ ಕುರ್ಚಿಗಿಯ ಕಾವು ಬೇರೆ, ಗಂಡಸರ ಕೊಡಲಿಯ ಕಾವು ಬೇರೆ. ಎತ್ತಿನ ಬಲ, ಭೂಮಿಯ ಗುಣ ನೋಡಿ ಕುಂಟಿಯ ಕುಡ ಹಣಿಯುತ್ತಿದ್ದರು. ಮಸಾರಿ ಹೊಲಕ್ಕೆ ಒಂದು ತರಹ, ಎರಿ ಹೊಲಕ್ಕೆ ಒಂದು ತರಹ. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಜೋಳ ಒಯ್ಯುವವರೆಗೆ ಲೆಕ್ಕವೆಲ್ಲ ಬಾಯಿಮಾತಿನಲ್ಲೇ ಇರುತ್ತಿತ್ತು. ಮಾನ್ವಿಯ ಕಡೆ ಎಡದಂಡೆ ಕಾಲುವೆಯ ನೀರು ಬಂದು ಭತ್ತ ಬಂತು, ಭತ್ತದ ಹಿಂದೆ ಕಟಾವು ಯಂತ್ರ ಬಂತು. ಕಳೆಗೆ ಔಷಧಿ, ಉಳುಮೆಗೆ ಟ್ರ್ಯಾಕ್ಟರ್. ಆಯ ನಿಂತುಹೋಯಿತು. ನಿಮ್ಮಲ್ಲಿ ಅನೇಕರು ಗೇಟು, ಗ್ರಿಲ್ಲಿನ ವೆಲ್ಡಿಂಗಿಗೆ ಹೋದಿರಿ, ಮಕ್ಕಳು ಬೆಂಗಳೂರು, ಹೈದರಾಬಾದಿನ ಕಡೆ ಹೋದರು. ಅವರು ಹೋದದ್ದು ತಪ್ಪೆಂದು ನಾನು ಹೇಳಲಾರೆ. ಬೇಸಿಗೆಯ ರಾಯಚೂರಿನಲ್ಲಿ ಕುಲುಮೆಯ ಮುಂದೆ ಕೂರುವುದು ಎಂಥದ್ದೆಂದು ಒಲೆಯ ಮುಂದೆ ನಿಲ್ಲುವ ನನಗೆ ಗೊತ್ತು.

ಚಾಕು ಕೈಗೆ ಬಂದ ಮೇಲೆ ಉಕ್ಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನಮ್ಮ ಮಸ್ಕಿಯಲ್ಲಿ ಅಶೋಕನ ಶಾಸನ 1915ರಲ್ಲಿ ಸಿಕ್ಕಿತೆಂದು ಎಲ್ಲರೂ ಹೇಳುತ್ತಾರೆ. ಅದೇ ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅವರು ಅಗೆಸಿದಾಗ ಬೃಹತ್ ಶಿಲಾಯುಗದ ಸಮಾಧಿಗಳಲ್ಲಿ ಕಬ್ಬಿಣದ ಸಾಮಾನು ಸಿಕ್ಕಿದವು. ಸತ್ತವರ ಜೊತೆ ಇಡುವಷ್ಟು ಬೆಲೆ ಅವಕ್ಕೆ ಆಗ ಇತ್ತು. ರಾಯಚೂರಿನಂತೆಯೇ ಹಿಂದೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರದಲ್ಲಿ ಮಣ್ಣಿನ ಮುಚ್ಚಿದ ಮೂಸೆಯೊಳಗೆ ಉಕ್ಕು ಕರಗಿಸುತ್ತಿದ್ದರು, ಅದನ್ನು ಕೊಳ್ಳಲು ಪರ್ಷಿಯಾದ ವ್ಯಾಪಾರಿಗಳು ಬರುತ್ತಿದ್ದರು. ಭಾರತದ ಆ ಬಗೆಯ ಉಕ್ಕಿನಿಂದ ಲಂಡನ್ನಿನಲ್ಲಿ ಜೇಮ್ಸ್ ಸ್ಟೋಡಾರ್ಟ್ ಎಂಬಾತ ಕ್ಷೌರದ ಕತ್ತಿ, ಶಸ್ತ್ರಚಿಕಿತ್ಸೆಯ ಚಾಕು ಮಾಡಿ ಮಾರಿದ. ಅವನೂ ಮೈಕೆಲ್ ಫ್ಯಾರಡೆಯೂ ಕೂಡಿ ಆ ಉಕ್ಕಿನ ಗುಟ್ಟು ಹುಡುಕಲು ಪ್ರಯೋಗ ನಡೆಸಿ 1820ರಲ್ಲಿ ಪ್ರಕಟಿಸಿದರು. ಫ್ಯಾರಡೆಯ ಅಪ್ಪ ಕಮ್ಮಾರ, ನಿಮಗೆ ತಿಳಿದಿರಲಿ. ಸ್ಟೋಡಾರ್ಟನ ಹೆಸರು ಉಳಿಯಿತು, ಫ್ಯಾರಡೆಯ ಹೆಸರಂತೂ ಸರಿಯೇ ಸರಿ. ಮೂಸೆಯ ಮುಂದೆ ಕೂತಿದ್ದವರ ಹೆಸರು ಒಂದೂ ಇಲ್ಲ.

ರಾಯಚೂರಿನ ಕೋಟೆಗೆ ಹೋದಾಗಲೂ ಇದೇ ಯೋಚನೆ ಕಾಡಿತು. ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲಿದೆ. 1294ರ ಶಾಸನ ಅದರ ಮೇಲಿದೆ, ಕೋಟೆ ಕಟ್ಟಿಸಿದವರ ಹೆಸರು ಅದರಲ್ಲಿದೆ. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಗೋಡೆಯ ಮೇಲೆ ಕೊರೆದಿದ್ದಾರೆ. ಅಂಥ ಬಂಡೆಯನ್ನು ಬಿಡಿಸಲು ಎಷ್ಟು ಉಳಿ ಬೇಕಾಗಿರಬೇಕು! ಬೆಣಚುಗಲ್ಲಿಗೆ ಬಡಿದ ಉಳಿಯ ಬಾಯಿ ಹೊತ್ತು ಮುಳುಗುವುದರೊಳಗೆ ಮೊಂಡಾಗುತ್ತದೆ. ಪ್ರತಿದಿನ ಅವನ್ನು ಕಾಸಿ, ಹಣಿದು, ಹದ ಹಾಕಿ ಕೊಟ್ಟ ಕುಲುಮೆ ಆ ಬಂಡೆಯ ಹತ್ತಿರವೇ ಎಲ್ಲೋ ಉರಿಯುತ್ತಿರಲೇಬೇಕು. ಎಳೆದವರ ಚಿತ್ರವಾದರೂ ಇದೆ, ಉಳಿ ಹಣಿದವರದು ಅದೂ ಇಲ್ಲ.

ನನ್ನ ಬೇಡಿಕೆ ಇಷ್ಟೆ. ನೀವು ಮಾಡುವ ಪ್ರತಿ ಚಾಕು, ಕುಡುಗೋಲು, ಈಳಿಗಿ, ಕೊಡಲಿಯ ಮೇಲೆ ನಿಮ್ಮ ಗುರುತು ಹೊಡೆಯಿರಿ.

ಇಂಗ್ಲೆಂಡಿನ ಶೆಫೀಲ್ಡ್ ಸೀಮೆಯ ಚಾಕು ಕೆಲಸಗಾರರು 1624ರಲ್ಲೇ ಕಾನೂನು ಮಾಡಿಸಿಕೊಂಡು ಸಂಘ ಕಟ್ಟಿದರು. ಒಬ್ಬೊಬ್ಬರ ಗುರುತನ್ನೂ ಆ ಸಂಘ ದಾಖಲೆ ಮಾಡಿಕೊಳ್ಳುತ್ತಿತ್ತು. ಜಪಾನಿನ ಸಕಾಯಿ ಪಟ್ಟಣದಲ್ಲಿ ಕಾಸಿ ಬಡಿಯುವವರು ಬೇರೆ, ಸಾಣೆ ಹಿಡಿಯುವವರು ಬೇರೆ, ಹಿಡಿಕೆ ಹಾಕುವವರು ಬೇರೆ. ಆದರೂ ಅಲಗಿನ ಮೇಲೆ ಹೆಸರು ಕೊರೆಯದೆ ಚಾಕು ಹೊರಗೆ ಹೋಗುವುದು ಕಡಿಮೆ. ಅಂಥ ಅಡುಗೆ ಚಾಕುಗಳಿಗೆ ಜನ ಹತ್ತಾರು ಸಾವಿರ ರೂಪಾಯಿ ಕೊಡುತ್ತಾರೆ, ತಿಂಗಳುಗಟ್ಟಲೆ ಕಾಯುತ್ತಾರೆ. ಕೈಯಿಂದ ಮಾಡಿದ್ದು ಎಂಬುದಕ್ಕೇ ಅಲ್ಲಿ ಹೆಚ್ಚು ಬೆಲೆ. ನೀವು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು ಅದನ್ನೇ. ನಮ್ಮ ನಾಡಿನಲ್ಲೂ ಹೆಸರು ಹಾಕುವ ರೂಢಿ ಇಲ್ಲದಿರಲಿಲ್ಲ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜನ ಹೆಸರು ಅವನ ಶಿಲ್ಪದ ಕೆಳಗೇ ಇದೆ. ಕಲ್ಲಿನವರು ಮಾಡಿದ್ದನ್ನು ಕಬ್ಬಿಣದವರು ಯಾಕೆ ಮಾಡಬಾರದು?

ನಿಮ್ಮಲ್ಲಿ ಹಿರಿಯರು ಹೇಳುವುದು ನನಗೆ ಗೊತ್ತಿದೆ, ದೇವದುರ್ಗದ ಕಾಕಾ ಕೂಡ ಅದನ್ನೇ ಹೇಳಿದರು: “ಊರಾಗ ಎಲ್ಲಾರಿಗೂ ಗೊತ್ತೈತಿ ಬಿಡವ್ವ, ಹೆಸರು ಯಾಕ ಬೇಕು.” ಊರಿನ ಕುಡುಗೋಲು ಊರಲ್ಲೇ ತಿರುಗುತ್ತಿದ್ದಾಗ ಆ ಮಾತು ನಡೆಯುತ್ತಿತ್ತು. ಈಗ ನಿಮ್ಮ ಕೆಲಸ ಊರು ದಾಟಿ ಹೋಗುತ್ತಿದೆ. ನನ್ನ ಖಾನಾವಳಿಗೆ ಉಣ್ಣಲು ಬಂದ ಹೊರಊರಿನ ಅಡುಗೆಯವರೊಬ್ಬರು ಆ ಚಾಕು ಹಿಡಿದು ನೋಡಿ, ಇದು ಯಾರು ಮಾಡಿದ್ದು, ನನಗೂ ಬೇಕಲ್ಲ ಎಂದರು. ದೇವದುರ್ಗದಲ್ಲಿ ಇಳಿದು ಇಂಥ ಓಣಿಯಲ್ಲಿ ಕೇಳಿರಿ ಎಂದಷ್ಟೇ ಹೇಳಲು ನನ್ನಿಂದಾಯಿತು. ಅಲಗಿನ ಮೇಲೆ ನಾಲ್ಕಕ್ಷರ ಇದ್ದಿದ್ದರೆ ಆ ಚಾಕು ತಾನೇ ಉತ್ತರ ಕೊಡುತ್ತಿತ್ತು. ಯಂತ್ರದಲ್ಲಿ ಒತ್ತಿ ತೆಗೆದ ಅಗ್ಗದ ಅಲಗಿಗೆ ಮಸಿ ಬಳಿದು ಕುಲುಮೆಯದೆಂದು ಮಾರುವವರಿಂದಲೂ ಗುರುತು ನಿಮ್ಮನ್ನು ಕಾಯುತ್ತದೆ.

ಗುರುತಿಗೆ ಇನ್ನೊಂದು ಬಲವಿದೆ. ನಾನು ಕಾಕಾ ಅವರ ಕುಲುಮೆಯಲ್ಲಿ ಕೂತಿದ್ದಾಗಲೇ ಒಬ್ಬ ಹುಡುಗ ಬಂದು ತೋಳುದ್ದದ ಲಾಂಗು ಬೇಕೆಂದ. ಹೊಲಕ್ಕೊ, ಮನೆಗೊ ಎಂದು ಕಾಕಾ ಕೇಳಿದರು. ಅವನು ಉತ್ತರ ಕೊಡಲಿಲ್ಲ, ಇವರು ಮಾಡಿಕೊಡಲಿಲ್ಲ. ಮುಂಗಡ ಹಣ ನೆಲದ ಮೇಲೆ ಇಟ್ಟರೂ ಮುಟ್ಟಲಿಲ್ಲ. ಹರಿತವಾದದ್ದನ್ನು ಮಾಡುವವರಿಗೆ ಅದು ಯಾರ ಕೈ ಸೇರುತ್ತದೆಂಬ ಕಾಳಜಿ ಎಷ್ಟಿದೆಯೆಂದು ಅವತ್ತು ಕಣ್ಣಾರೆ ಕಂಡೆ. ಅಂಥವರ ಹೆಸರು ಅಲಗಿನ ಮೇಲೆ ಇದ್ದರೆ ಕೊಳ್ಳುವವರಿಗೂ ಗೌರವ.

ಬೈಲ ಕಮ್ಮಾರರಿಗೆ, ಘಿಸಾಡಿ ಬಂಧುಗಳಿಗೆ ಬೇರೆಯಾಗಿ ಹೇಳಬೇಕು. ರಸ್ತೆ ಬದಿಯ ಬಯಲಲ್ಲಿ ಗುಡಾರ ಹಾಕಿ ಕೆಲಸ ಮಾಡುವ ನಿಮಗೆ ಹಾಕಲು ಒಂದು ಊರಿನ ಹೆಸರಿಲ್ಲದಿರಬಹುದು. ನಿಮ್ಮ ಮನೆತನಕ್ಕೆ ಒಂದು ಚಿಹ್ನೆ ಇಟ್ಟುಕೊಳ್ಳಿ, ಬಂಡಿಯ ಗಾಲಿಯಾಗಲಿ, ಚುಕ್ಕಿಯಾಗಲಿ. ಈ ಊರಲ್ಲಿ ಕೊಂಡವರು ಮುಂದಿನ ವರ್ಷ ಆ ಊರಲ್ಲಿ ಕಂಡು ಗುರುತು ಹಿಡಿಯುತ್ತಾರೆ. ಮತ್ತೆ, ಚಮಟಿಗಿ ಎತ್ತುವುದು ಹೆಂಗಸರಾದ ಕಡೆ ಗುರುತೂ ಎರಡು ಇರಲಿ. ನನ್ನ ಚಾಕುವಿನ ಅಲಗು ಚಿಗವ್ವನ ತೋಳಿನಿಂದ ತೆಳುವಾದದ್ದು, ಅದನ್ನು ನಾನು ನೋಡಿದ್ದೇನೆ.

ದೇವದುರ್ಗದಿಂದ ಕೃಷ್ಣೆ ದಾಟಿದರೆ ತಿಂಥಣಿ. ನಿಮ್ಮಲ್ಲಿ ಬಹಳ ಮಂದಿ ಮೌನೇಶ್ವರರ ಜಾತ್ರೆಗೆ ತಪ್ಪದೆ ಹೋಗುವವರು. ವಿಶ್ವಕರ್ಮ ಮನೆತನದಲ್ಲಿ ಹುಟ್ಟಿದ ಅವರ ಮುಂದೆ ಹಿಂದೂಗಳೂ ಮುಸಲ್ಮಾನರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ವಿಶ್ವಕರ್ಮರು, ಲೋಹಾರ ಸಾಬರು, ಬೈಲ ಕಮ್ಮಾರರು ಆ ಜಾತ್ರೆಯಲ್ಲಿ ಹೇಗೂ ಸೇರುತ್ತೀರಿ. ಅಲ್ಲೇ ಒಂದು ಸಂಜೆ ಕೂತು ಯಾರ ಗುರುತು ಯಾವುದೆಂದು ಒಂದು ಪುಸ್ತಕದಲ್ಲಿ ಬರೆದಿಡುವುದು ಆಗದ ಕೆಲಸವಲ್ಲ. ಒಬ್ಬರ ಗುರುತು ಇನ್ನೊಬ್ಬರು ಹೊಡೆಯದಿರಲು ಅದೊಂದು ಪುಸ್ತಕ ಸಾಕು.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆ ಇದೆ. ಸುತ್ತಿಗೆ ಮತ್ತು ಉಪಕರಣ ಮಾಡುವವರನ್ನು ಬೇರೆಯಾಗಿಯೂ ಸೇರಿಸಿದ್ದಾರೆ. ಉಪಕರಣ ಕೊಳ್ಳಲು 15,000 ರೂಪಾಯಿ, ಅಡವಿಲ್ಲದೆ ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷ, ತೀರಿಸಿದ ಮೇಲೆ 2 ಲಕ್ಷದವರೆಗೆ ಸಾಲ. ಮಾಡಿದ ಮಾಲಿಗೆ ಹೆಸರು ಕಟ್ಟಿ ಮಾರಲು ನೆರವಾಗುವುದೂ ಅದರಲ್ಲಿ ಸೇರಿದೆ. ಕಟ್ಟಲು ಮೊದಲು ಒಂದು ಹೆಸರು ಬೇಕಲ್ಲ.

ಇನ್ನು ಬೆಲೆಯ ಮಾತು. ಕಾಕಾ ನನ್ನ ಚಾಕುವಿಗೆ ಕೇಳಿದ್ದು ಒಂದು ಜೊತೆ ಚಪ್ಪಲಿಯ ಹಣ. ನಾನು ಹೆಚ್ಚು ಕೊಡಲು ಹೋದರೆ ಸಂಕೋಚಪಟ್ಟರು. ಇದ್ದಲಿಗೆ ಇಷ್ಟು, ಪಾಟಾಕ್ಕೆ ಇಷ್ಟು ಎಂದು ಲೆಕ್ಕ ಹೇಳಿದರೇ ವಿನಾ ಬಣ್ಣ ಹರಿಯುವುದನ್ನು ನೋಡಿದ ಕಣ್ಣಿಗೆ ಏನೂ ಹಾಕಿಕೊಳ್ಳಲಿಲ್ಲ. ದಯವಿಟ್ಟು ಹಾಕಿಕೊಳ್ಳಿ. ಆ ಕಣ್ಣು ತಯಾರಾಗಲು ಒಂದು ಆಯುಷ್ಯದ ಅರ್ಧ ಬೇಕಾಗಿದೆ. ಕೊಳ್ಳುವ ನಮಗೆ ಬೆಲೆ ಜಾಸ್ತಿ ಅನ್ನಿಸಿದರೆ ಹದ ಹಾಕುವ ಹೊತ್ತಿಗೆ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ಆಮೇಲೆ ಯಾರೂ ಚೌಕಾಸಿ ಮಾಡಲಾರರು. ಕೊಡುವಾಗ ಇದು ತುಕ್ಕು ಹಿಡಿಯುವ ಉಕ್ಕು, ಹುಣಸೆ, ನಿಂಬೆ ಮುಟ್ಟಿದ ಕೂಡಲೇ ಒರೆಸಿ ಇಡಬೇಕು ಎಂದೂ ಹೇಳಿಕೊಡಿ. ಇದನ್ನು ಹೇಳದ್ದರಿಂದಲೇ ಎಷ್ಟೋ ಒಳ್ಳೆಯ ಅಲಗುಗಳು ಮೂಲೆ ಸೇರಿವೆ.

ಗುರುತು ಹೊಡೆಯುವ ಬಗೆ ನಾನು ಹೇಳಬೇಕಾಗಿಲ್ಲ. ಹದ ಹಾಕುವ ಮುಂಚೆ, ಅಲಗು ಇನ್ನೂ ಮೆತ್ತಗಿರುವಾಗಲೇ ಹೊಡೆಯಬೇಕು, ಬಾಯಿಯಿಂದ ದೂರ, ಹಿಡಿಕೆಯ ಹತ್ತಿರ ಬೆನ್ನಿನ ಕೆಳಗೆ. ಇಲ್ಲದಿದ್ದರೆ ಅಲ್ಲಿಂದಲೇ ಬಿರುಕು ಹುಟ್ಟೀತು ಎಂದು ಕಾಕಾ ಅವರೇ ವಿವರಿಸಿದರು. ಅಕ್ಷರದ ಪಂಚುಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು ಇಂಗ್ಲಿಷಿನವು. ಹಳೆಯ ಅರದ ತುಂಡಿನಲ್ಲಿ ಕನ್ನಡದ ಅಕ್ಷರ ಕೊರೆದುಕೊಳ್ಳುವುದು ನಿಮ್ಮ ಕೈಗೆ ದೊಡ್ಡದಲ್ಲ.

ಈ ಪತ್ರದ ಜೊತೆಗೇ ನನ್ನ ಮುಂದಿನ ಬೇಡಿಕೆಯನ್ನೂ ಇಡುತ್ತೇನೆ, ಈ ಸಲ ಮಾನ್ವಿಯ ಕುಲುಮೆಯವರಿಗೆ. ಅಲ್ಲಿರುವ ನನ್ನ ನಾದಿನಿಗೆ ಒಂದು ಚಾಕು ಬೇಕು. ಬಲಗೈಯಾಕೆ, ಅಂಗೈ ಸಣ್ಣದು, ಕೂತು ಹೆಚ್ಚುತ್ತಾಳೆ. ಪುಂಡಿಪಲ್ಯ, ಉಳ್ಳಾಗಡ್ಡಿ, ಸೌತೆಕಾಯಿ ಸಾಕು, ಎಲುಬಿನ ಕೆಲಸ ಇಲ್ಲ. ಅಲಗು ಆರು ಇಂಚು, ಹಿಡಿಕೆ ನಿಮಗೆ ಸರಿಕಂಡ ಮರದ್ದು. ಅವಸರ ಇಲ್ಲ, ಉಗಾದಿಯೊಳಗೆ ಆದರೆ ಸಾಕು. ಅಂಗೈ ಅಳತೆ ಕೊಡಲು ಬರುವ ಸಂತೆಯ ದಿನ ಆಕೆಯೇ ಬರುತ್ತಾಳೆ. ಹಿಡಿಕೆಯ ಹತ್ತಿರ ನಿಮ್ಮ ಹೆಸರೂ ಮಾನ್ವಿ ಎಂಬ ಎರಡಕ್ಷರವೂ ಇರಬೇಕು, ಅದಕ್ಕೆ ಬೇರೆ ಹಣ ಹಿಡಿಯಿರಿ.

ಇಂತಿ,
ರಾಯಚೂರಿನ ಖಾನಾವಳಿಯ ನಿಮ್ಮ ತಂಗಿ